ಕೆಂಪು ಮುಚ್ಚಳದ ಡಬ್ಬ

ಉಷಾ: ನನ್ನ ಕೊಡುಬಳೆಗೂ ನಿಮ್ಮ ಬ್ಯಾಸ್ಕೆಟ್‌ಬಾಲಿಗೂ ಏನ್ರೀ ಸಂಬಂಧ? ಎಣ್ಣೆ ಕಾದಿದೆ, ಪಕ್ಕಕ್ಕೆ ಸರೀರಿ.

ಚಕ್ರಪಾಣಿ: ಎಣ್ಣೆ ಒಂದೇ ಅಲ್ಲ ಕಣೇ, ನನ್ನ ತಲೇನೂ ಕಾದಿದೆ. ಮೊದ್ಲು ಆ ಒಲೆ ಆಫ್ ಮಾಡು.

ಉಷಾ: ಆಫ್ ಮಾಡಿದ್ರೆ ಕೊಡುಬಳೆ ಎಣ್ಣೆ ಕುಡಿಯತ್ತೆ. ನಿಮ್ಮ ತಲೆ ಏನೂ ಕುಡಿಯಲ್ಲ. ಅಲ್ಲೇ ನಿಂತ್ಕೊಂಡು ಬಯ್ಯಿರಿ.

ಚಕ್ರಪಾಣಿ: ಬಯ್ತಾ ಇಲ್ಲ. ವಿಚಾರಣೆ ಮಾಡ್ತಾ ಇದೀನಿ.

ಉಷಾ: ಅಬ್ಬಾ! ವಿಚಾರಣೆಗೆ ಲುಂಗಿ ಉಟ್ಕೊಂಡು ಬಂದಿದೀರಾ?

ಜೂನ್ ತಿಂಗಳ ಶನಿವಾರ, ಮಧ್ಯಾಹ್ನ ಮೂರು ಗಂಟೆ. ಸಿಡ್ನಿಯ ಅಂಚಿನಲ್ಲಿರುವ ಸ್ಕೋಫೀಲ್ಡ್ಸ್‌ನ ಮನೆ. ಚಕ್ರಪಾಣಿ ‘ಸಿಡ್ನಿ ಕಾಕಟೂಸ್’ ಎಂಬ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಯೋಗಕ್ಷೇಮದ ಅಧಿಕಾರಿ. ಹುದ್ದೆಯ ಹೆಸರು ಕೇಳಿ ಯಾರೂ ಬೆದರಬೇಕಾಗಿಲ್ಲ. ಹೊಸ ಆಟಗಾರ ಬಂದರೆ ಅವನಿಗೆ ಮನೆ, ಕಾರು, ಮಂಚ ಹೊಂದಿಸುವುದು, ಹೋಗುವವನಿಂದ ಅವನ್ನೆಲ್ಲ ವಾಪಸು ತರುವುದು, ಇಷ್ಟೇ ಕೆಲಸ. ಪಂದ್ಯಗಳೆಲ್ಲ ಮುಗಿದ ಈ ತಿಂಗಳುಗಳಲ್ಲಿ ಬರುವವರು ಕಡಿಮೆ, ಹೋಗುವವರೇ ಜಾಸ್ತಿ. ಕೋಚ್ ಮೆಲ್ಬರ್ನಿನ ತಂಡ ಸೇರಿಕೊಂಡ. ಜನರಲ್ ಮ್ಯಾನೇಜರನ್ನು ಮಾಲಕಿ ಮನೆಗೆ ಕಳಿಸಿದಳು. ಅವನ ಜಾಗಕ್ಕೆ ಮೂರು ವಾರದ ಹಿಂದೆ ಟ್ರೆವರ್ ಎಂಬಾತ ಬಂದು ಕೂತಿದ್ದಾನೆ. ಆ ಟ್ರೆವರ್ ಇವತ್ತು ಬೆಳಿಗ್ಗೆ ಕಳಿಸಿದ ಇಮೇಲನ್ನು ಚಕ್ರಪಾಣಿ ಹದಿನೇಳನೆಯ ಸಲ ತೆರೆದ.

ಚಕ್ರಪಾಣಿ: ಕೇಳು. ‘ತಂಡದಿಂದ ಯಾರನ್ನು ಕೈಬಿಡುತ್ತೇವೆ ಅನ್ನೋದು ನಾವು ಹೇಳೋ ಮೊದಲೇ ಪತ್ರಿಕೆಯವರಿಗೆ ಗೊತ್ತಾಗುತ್ತಿದೆ. ಮೂರು ಸಲ ಹೀಗಾಗಿದೆ. ಗುಟ್ಟು ಬಿಟ್ಟುಕೊಡೋರು ಯಾರು ಅಂತ ಸೋಮವಾರದೊಳಗೆ ಪತ್ತೆ ಹಚ್ಚು. ಆಗದಿದ್ದರೆ ನಿನ್ನ ಕುರ್ಚಿಗೆ ಬೇರೆಯವರನ್ನು ನೋಡುತ್ತೇನೆ.’

ಉಷಾ: ಪತ್ತೆ ಹಚ್ಚಿ ಮತ್ತೆ. ಅಡುಗೆಮನೇಲಿ ಏನು ಹುಡುಕ್ತಿದೀರಾ?

ಚಕ್ರಪಾಣಿ: ಯೋನಸ್‌ಗೆ ಫೋನ್ ಮಾಡಿದ್ದೆ. ಅದೇ, ಲಿಥುವೇನಿಯಾದ ಹುಡುಗ, ಏಳಡಿ ಮೂರಿಂಚು. ‘ಕ್ಲಬ್ ಹೇಳೋ ಮುಂಚೆ ನಿಂಗೆ ಹೇಗಪ್ಪ ಗೊತ್ತಾಯ್ತು?’ ಅಂದೆ. ಏನಂದ ಹೇಳು?

ಉಷಾ: ಏನಂದ?

ಚಕ್ರಪಾಣಿ: ‘ನಿನ್ನ ಹೆಂಡ್ತಿ ಡಬ್ಬ ಬಂತಲ್ಲ’ ಅಂದ!

ಉಷಾ ಜಾಲರಿ ಸೌಟನ್ನು ಎಣ್ಣೆಯ ಮೇಲೆಯೇ ಹಿಡಿದು ನಿಂತಳು. ಆಮೇಲೆ ಅವಳ ಮುಖ ಅರಳಿತು.

ಉಷಾ: ತಿಂದ್ನಂತಾ? ಖಾರ ಆಯ್ತಂತಾ?

ಚಕ್ರಪಾಣಿ: ಖಾರದ ವಿಷ್ಯ ಅಲ್ಲ ಉಷಾ! ನೀನು ಡಬ್ಬ ಕಳಿಸಿದ್ದು ಗುರುವಾರ. ಅವನನ್ನ ಕೈಬಿಟ್ಟಿದ್ದು ಶುಕ್ರವಾರ. ಗುರುವಾರ ಅದು ಯಾರಿಗೂ ಗೊತ್ತಿರಲಿಲ್ಲ. ಟ್ರೆವರ್‌ಗೆ ಗೊತ್ತಿತ್ತು, ಮಾಲಕಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ನಿನಗೆ ಯಾರೇ ಹೇಳಿದ್ದು?

ಉಷಾ: ಮಂಚ.

ಚಕ್ರಪಾಣಿ: ಏನು?

ಉಷಾ: ಬುಧವಾರ ಊಟಕ್ಕೆ ಕೂತಾಗ ನೀವೇ ಅಂದ್ರಿ, ‘ಗ್ಯಾರೇಜ್ ಖಾಲಿ ಮಾಡ್ಬೇಕು ಕಣೇ, ಎಂಟಡಿ ಮಂಚ ವಾಪಸ್ ಬರ್ತಿದೆ’ ಅಂತ. ಈ ಸಿಡ್ನೀಲಿ ಎಂಟಡಿ ಮಂಚದ ಮೇಲೆ ಮಲಗೋನು ಇನ್ಯಾರಿದಾನೆ? ಮಂಚ ಮನೆಗೆ ಬರುತ್ತೆ ಅಂದ್ರೆ ಮನುಷ್ಯ ಊರಿಗೆ ಹೋಗ್ತಾನೆ ಅಂತ ಅರ್ಥ. ಇದಕ್ಕೆ ಗುಟ್ಟು ಬೇರೆ ಬೇಕಾ?

ಚಕ್ರಪಾಣಿ: ಸರಿ, ಗೊತ್ತಾಯ್ತು. ಸುಮ್ನಿರಬೇಕಾಗಿತ್ತು.

ಉಷಾ: ಸುಮ್ನೇ ಇದ್ದೆ. ಒಬ್ಬರಿಗೆ ಒಂದು ಮಾತು ಹೇಳಿದ್ರೆ ಕೇಳಿ. ಊರು ಬಿಡೋ ಹುಡುಗನ್ನ ಬರಿಗೈಲಿ ಕಳಿಸಬಾರದು ಅಂತ ನಾಲ್ಕು ಕೊಡುಬಳೆ, ಒಂದು ತೆಂಗಿನಕಾಯಿ, ಎಲೆ ಅಡಿಕೆ ಇಟ್ಟೆ. ಕಾರು ವಾಪಸ್ ಬರ್ತಿದೆ ಅಂತ ನೀವು ಅಂದಾಗ ಡೆವಿನ್‌ಗೆ ಇಟ್ಟೆ, ಮಾರ್ಕಸ್‌ಗೆ ಇಟ್ಟೆ, ಈಗ ಯೋನಸ್‌ಗೂ ಇಟ್ಟೆ. ಅದರಲ್ಲೇನು ತಪ್ಪು?

ಚಕ್ರಪಾಣಿ: ಮೂರೂ ಡಬ್ಬ ಕೈಬಿಡೋ ಮೊದ್ಲೇ ಹೋಯ್ತಲ್ಲ, ಅದೇ ತಪ್ಪು! ಯಾರ ಕೈಲಿ ಕಳಿಸಿದೆ? ಅವರ ಹೆಸರು ಹೇಳು. ಟ್ರೆವರ್‌ಗೆ ಆ ಹೆಸರು ಕೊಟ್ಟು ನಾನು ಕೈತೊಳ್ಕೋತೀನಿ.

ಉಷಾ: ಹೇಳ್ಲಾ?

ಚಕ್ರಪಾಣಿ: ಹೇಳು! ನನಗೆ ಯಾರ ಮುಲಾಜೂ ಇಲ್ಲ.

ಉಷಾ: ನಿಮ್ಮ ಕೈಲಿ.

ಚಕ್ರಪಾಣಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ನಿಜ. ಮೂರು ಸಲವೂ ಬೀಗದ ಕೈ ಲೆಕ್ಕ ಮಾಡುವ ನೆಪದಲ್ಲಿ ಅವನೇ ಆ ಮನೆಗಳಿಗೆ ಹೋಗಿದ್ದ. ಕೆಂಪು ಮುಚ್ಚಳದ ಡಬ್ಬವನ್ನು ಎರಡೂ ಕೈಯಿಂದ ಕೊಟ್ಟಿದ್ದ. ‘ಮೈ ವೈಫ್, ಸ್ನ್ಯಾಕ್ಸ್’ ಎಂದು ಹಲ್ಲು ಬಿಟ್ಟಿದ್ದ. ಬೆಳಿಗ್ಗೆಯಿಂದ ಕ್ಲಬ್ಬಿನ ಒಬ್ಬೊಬ್ಬರ ಮೇಲೂ ಅನುಮಾನ ಪಟ್ಟ ಮನುಷ್ಯ ಈಗ ಮೈಕ್ರೋವೇವಿನ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡ.

ಉಷಾ: ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ.

ಚಕ್ರಪಾಣಿ: ನಗಬೇಡ. ಅದು ಕೊಡುಬಳೆ ಡಬ್ಬ. ಅದರಲ್ಲಿ ‘ನಿನ್ನ ಕೆಲಸ ಹೋಯ್ತು’ ಅಂತ ಬರೆದಿತ್ತಾ? ಅವರಿಗೆ ಹೇಗೆ ಗೊತ್ತಾಯ್ತು?

ಉಷಾ: ಹಾಗಂತ ಯಾಕೆ ಬರೀಲಿ? ಒಂದು ಚೀಟಿ ಇಟ್ಟಿದ್ದೆ ಅಷ್ಟೇ.

ಚಕ್ರಪಾಣಿ: ಚೀಟಿ! ಏನು ಚೀಟಿ?

ಉಷಾ: ‘ಹ್ಯಾಪಿ ಜರ್ನಿ. ಗೋ ಅಂಡ್ ಕಮ್. ಲವ್, ಉಷಾ ಆಂಟಿ.’ ಹೋಗಿ ಅಂತ ಮಾತ್ರ ಹೇಳ್ಬಾರದು, ಹೋಗಿ ಬನ್ನಿ ಅನ್ನಬೇಕು. ಅಪಶಕುನ ಬೇಡ ಅಂತ.

ಚಕ್ರಪಾಣಿ: ಅದಕ್ಕೇನಾ ಡೆವಿನ್ ಮೊನ್ನೆ ಪ್ರಾಕ್ಟೀಸಿಗೆ ವಾಪಸ್ ಬಂದಿದ್ದು!

ಮಗಳು ಆದ್ಯಾ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ಒಳಗೆ ಬಂದಳು. ಹದಿನಾರು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಬೇರೆ ದೇಶದಿಂದ ಬರುತ್ತದೆ.

ಆದ್ಯಾ: ವೇಟ್, ಅಪ್ಪ. ಯು ಡಿಡಂಟ್ ನೋ ಅಬೌಟ್ ದ ಬಾಕ್ಸ್?

ಚಕ್ರಪಾಣಿ: ನಿನಗೂ ಗೊತ್ತಾ?

ಆದ್ಯಾ: ಎವ್ರಿಬಡಿ ನೋಸ್. ಫ್ಯಾನ್ಸ್ ಫೋರಮ್‌ನಲ್ಲಿ ಇಡೀ ಥ್ರೆಡ್ ಇದೆ. ‘ಹೂ ಗಾಟ್ ದ ರೆಡ್ ಲಿಡ್?’ ಅಂತ.

ಅವಳು ಫೋನ್ ತಿರುಗಿಸಿ ತೋರಿಸಿದಳು. ಡೆವಿನ್ ಡಬ್ಬದ ಜೊತೆ ಸೆಲ್ಫಿ ಹಾಕಿದ್ದ, ಮರುದಿನ ಅವನು ತಂಡದಲ್ಲಿ ಇರಲಿಲ್ಲ. ಮಾರ್ಕಸ್ ಕೊಡುಬಳೆಯನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ಫೋಟೋ ಹಾಕಿದ್ದ, ಮರುದಿನ ಅವನೂ ಇರಲಿಲ್ಲ. ಮೂರನೆಯ ಡಬ್ಬ ಯೋನಸ್‌ನ ಮನೆ ಮುಟ್ಟಿ ಅರ್ಧ ಗಂಟೆಯೊಳಗೆ ಪತ್ರಿಕೆಯವರು ಅವನಿಗೆ ಫೋನ್ ಮಾಡಿ ‘ಮುಂದೇನು?’ ಎಂದು ಕೇಳಿದ್ದರು. ಉಳಿದ ಆಟಗಾರರು ಚಕ್ರಪಾಣಿಯ ಬಿಳಿ ವ್ಯಾನ್ ಬೀದಿಯ ತಿರುವಿನಲ್ಲಿ ಕಂಡರೆ ಮನೆ ದೀಪ ಆರಿಸುತ್ತಿದ್ದರಂತೆ.

ಚಕ್ರಪಾಣಿ: ಅದಕ್ಕೇ ಯಾರೂ ಬಾಗಿಲು ತೆಗೀತಿರಲಿಲ್ಲ! ನಾನು ಡೋರ್‌ಬೆಲ್ ಕೆಟ್ಟಿದೆ ಅಂತ ಮೂರು ಮನೆಗೆ ಹೊಸ ಬೆಲ್ ಹಾಕ್ಸಿದೆ ಕಣೇ!

ಉಷಾ: ಒಟ್ನಲ್ಲಿ ನನ್ನ ಕೊಡುಬಳೆ ಫೇಮಸ್.

ಚಕ್ರಪಾಣಿ: ಫೇಮಸ್ಸೇ! ಯಮನ ಕೋಣದಷ್ಟು ಫೇಮಸ್! ಬೇಲೀನೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಆ ಬೇಲಿ ನಾನು. ಸೋಮವಾರ ಟ್ರೆವರ್ ಎದುರು ನಿಂತು ಏನು ಹೇಳಲಿ? ‘ಸರ್, ಗುಟ್ಟು ಕಾರಿನ ಮುಂದಿನ ಸೀಟಲ್ಲಿ ಕೂತು ಸೀಟ್‌ಬೆಲ್ಟ್ ಹಾಕ್ಕೊಂಡು ಹೋಯ್ತು’ ಅನ್ನಲಾ?

ಉಷಾ: ಡಬ್ಬ ಉರುಳಬಾರದು ಅಂತ ಬೆಲ್ಟ್ ಹಾಕಿದ್ದು.

ಇಲ್ಲಿಯವರೆಗೂ ಜಗಳ ಜಗಳದ ದಾರಿಯಲ್ಲೇ ಇತ್ತು. ಚಕ್ರಪಾಣಿ ಕಣ್ಣೆತ್ತಿ ಕಪಾಟಿನ ಮೇಲೆ ನೋಡಿದ. ಗಿರಾವೀನ್‌ನ ಅಂಗಡಿಯಿಂದ ತಂದ ಆರು ಡಬ್ಬಗಳ ಸೆಟ್ಟು ಅಲ್ಲೇ ಇರುತ್ತಿತ್ತು. ಈಗ ಒಂದೇ ಒಂದು ಇತ್ತು.

ಚಕ್ರಪಾಣಿ: ಉಷಾ. ಆರು ಡಬ್ಬ.

ಉಷಾ: ಹೂಂ.

ಚಕ್ರಪಾಣಿ: ಮೂರು ಹುಡುಗರಿಗೆ ಮೂರು ಹೋಯ್ತು. ಇಲ್ಲೊಂದಿದೆ. ಇನ್ನೆರಡು ಎಲ್ಲಿ?

ಉಷಾ: ಕೋಪ ಮಾಡ್ಕೋಬಾರದು.

ಚಕ್ರಪಾಣಿ: ಎಲ್ಲೇ?

ಉಷಾ: ಒಂದು ಕರ್ಸ್ಟಿಗೆ ಕೊಟ್ಟೆ. ಬೆಳಿಗ್ಗೆ ಆದ್ಯಾ ಜೊತೆ ದಿ ಪಾಂಡ್ಸ್ ಬಡಾವಣೆಗೆ ಹೋಗಿದ್ವಲ್ಲ, ಬಾಗಿಲಲ್ಲಿ ಇಟ್ಟು ಬಂದೆ.

ಚಕ್ರಪಾಣಿ: ಯಾವ ಕರ್ಸ್ಟಿ? ಕ್ಯಾಲಮ್ ಹೆಂಡ್ತಿ ಕರ್ಸ್ಟೀನಾ?

ಉಷಾ: ಏಳು ತಿಂಗಳ ಬಸುರಿ ಕಣ್ರೀ. ಕ್ಲಬ್ಬಿನ ಫ್ಯಾಮಿಲಿ ಡೇ ದಿವಸ ಒಂದು ಕೊಡುಬಳೆ ತಿಂದು, ಮತ್ತೆ ಬೇಕು ಅಂತ ಬಾಯಿಬಿಟ್ಟು ಕೇಳಿದ್ಲು. ಬಸುರಿ ಬಯಕೆ ತೀರಿಸದೇ ಇದ್ರೆ ಮಗೂಗೆ ಕಿವಿ ಸೋರತ್ತೆ ಅಂತಾರೆ. ಹಸಿರು ಬಳೇನೂ ಇಟ್ಟಿದೀನಿ.

ಚಕ್ರಪಾಣಿ ಲುಂಗಿಯನ್ನು ಮೇಲೆ ಕಟ್ಟಿದ, ಮತ್ತೆ ಕೆಳಗೆ ಬಿಟ್ಟ. ಏನು ಮಾಡಬೇಕೆಂದು ತಿಳಿಯದಾಗ ಅವನು ಮಾಡುವುದು ಅದನ್ನೇ. ಕ್ಯಾಲಮ್ ಎಂದರೆ ತಂಡದ ಜೀವ. ಅವನ ಕಾಂಟ್ರಾಕ್ಟ್ ಮುಗಿದಿತ್ತು. ಹೊಸದಕ್ಕೆ ಸಹಿ ಹಾಕು ಎಂದು ಮೂರು ವಾರದಿಂದ ಕ್ಲಬ್ಬಿನವರು ಅವನ ಹಿಂದೆ ಬಿದ್ದಿದ್ದರು. ಅವನು ‘ಯೋಚಿಸ್ತೀನಿ’ ಎನ್ನುತ್ತಿದ್ದ, ಮೆಲ್ಬರ್ನಿನವರು ಅವನನ್ನು ಕರೆಯುತ್ತಿದ್ದರು. ಇವತ್ತು ಸಂಜೆ ಐದು ಗಂಟೆಯೊಳಗೆ ಸಹಿ ಹಾಕದಿದ್ದರೆ ಅವನು ಮೆಲ್ಬರ್ನಿನ ಪಾಲು.

ಚಕ್ರಪಾಣಿ: ಮುಗೀತು. ಅವನ ಬಾಗಿಲಲ್ಲಿ ಕೆಂಪು ಮುಚ್ಚಳ! ಇವತ್ತೇ! ಅವನೀಗ ನನ್ನನ್ನ ಕೈಬಿಟ್ರು ಅಂದ್ಕೊಂಡು ಮೆಲ್ಬರ್ನ್ ಫ್ಲೈಟ್ ಹತ್ತಿರ್ತಾನೆ!

ಉಷಾ: ಬಸುರಿ ಹೆಂಡ್ತಿ ಬಿಟ್ಟು ಎಲ್ಲಿಗ್ರೀ ಹತ್ತುತಾನೆ?

ಅಷ್ಟರಲ್ಲಿ ಉಷಾಳ ಫೋನು ಬಡಿದುಕೊಂಡಿತು. ಮೆಲ್ಬರ್ನಿನಲ್ಲಿರುವ ಅವಳ ತಮ್ಮ ಗುರುದತ್ತ. ‘ಮೆಲ್ಬರ್ನ್ ಟ್ರಾಮ್ಸ್’ ತಂಡದ ಭಕ್ತ. ಭಾವನ ಕ್ಲಬ್ಬು ಸೋತ ದಿನ ಅಕ್ಕನಿಗೆ ತಪ್ಪದೆ ಫೋನ್ ಮಾಡಿ ಕುಶಲ ವಿಚಾರಿಸುತ್ತಾನೆ. ಕೈಯೆಲ್ಲ ಹಿಟ್ಟಾಗಿದ್ದರಿಂದ ಉಷಾ ಮೊಣಕೈಯಿಂದ ಸ್ಪೀಕರ್ ಒತ್ತಿದಳು.

ಗುರುದತ್ತ: ಅಕ್ಕಾ! ಭಾವ ಇದಾರಾ? ಭಾವ, ನಿಮ್ಮ ಪಾದ ಎಲ್ಲಿದೆ ಹೇಳಿ, ಇಲ್ಲಿಂದಲೇ ಅಡ್ಡ ಬೀಳ್ತೀನಿ!

ಚಕ್ರಪಾಣಿ: ಏನಾಯ್ತೋ?

ಗುರುದತ್ತ: ಕರ್ಸ್ಟಿ ಡಬ್ಬದ ಫೋಟೋ ಹಾಕಿದಾಳೆ! ಪಕ್ಕದಲ್ಲಿ ಹಾರ್ಟು ಬೇರೆ. ಇಲ್ಲಿ ನಮ್ಮ ಹುಡುಗ್ರೆಲ್ಲ ಕುಣೀತಿದಾರೆ. ಕ್ಯಾಲಮ್ ನಮ್ಮೋನು! ಹತ್ತು ವರ್ಷ ಪ್ರಾರ್ಥನೆ ಮಾಡಿದ್ರೂ ಆಗದೇ ಇದ್ದದ್ದು ನಮ್ಮಕ್ಕನ ಒಂದು ಹಿಡಿ ಕೊಡುಬಳೆಯಿಂದ ಆಯ್ತು!

ಉಷಾ: ಲೋ ಗುರು, ಅದು ಬಸುರಿಗೆ ಕೊಟ್ಟಿದ್ದು ಕಣೋ.

ಗುರುದತ್ತ: ಯಾರಿಗೆ ಕೊಟ್ರೂ ಫಲ ಒಂದೇ ಅಕ್ಕ. ಕ್ಯಾಲಮ್‌ಗೆ ಇಲ್ಲಿ ಮನೆ ನೋಡ್ಕೊಡು ಅಂದ್ರೆ ನೋಡ್ತೀನಿ. ಮಂಚ ಮಾತ್ರ ಭಾವನೇ ಕಳಿಸ್ಬೇಕು.

ಚಕ್ರಪಾಣಿ: ಇಡೋ ಫೋನ್!

ಗುರುದತ್ತ ನಗುತ್ತಲೇ ಇಟ್ಟ. ಚಕ್ರಪಾಣಿ ಗೋಡೆಯ ಗಡಿಯಾರ ನೋಡಿದ. ಮೂರೂ ಇಪ್ಪತ್ತು.

ಚಕ್ರಪಾಣಿ: ನನಗೊಂದೇ ಅರ್ಥ ಆಗ್ತಿಲ್ಲ. ಅವರು ಯಾರು, ನಾವು ಯಾರು? ಒಂದು ವರ್ಷ ಇರ್ತಾರೆ, ಹೋಗ್ತಾರೆ. ಇದು ಪ್ರೊಫೆಷನಲ್ ಸ್ಪೋರ್ಟು. ಇಲ್ಲಿ ಎಲೆ ಅಡಿಕೆ ಯಾಕೆ ಬೇಕಿತ್ತು ನಿನಗೆ?

ಉಷಾ ಒಲೆ ಆರಿಸಿದಳು. ಬಾಣಲೆಯಲ್ಲಿ ಇನ್ನೂ ಐದು ಕೊಡುಬಳೆ ಇದ್ದವು. ಅವು ಎಣ್ಣೆ ಕುಡಿಯುತ್ತವೆಂದು ಗೊತ್ತಿದ್ದೂ ಆರಿಸಿದಳು.

ಉಷಾ: ನಾವು ಮೆಲ್ಬರ್ನ್ ಬಿಟ್ಟ ದಿವಸ ನೆನಪಿದೆಯಾ?

ಚಕ್ರಪಾಣಿ: ಈಗ ಅದ್ಯಾಕೆ?

ಉಷಾ: ನಿಮ್ಮನ್ನ ಕೆಲಸದಿಂದ ತೆಗೆದ್ರು. ಸದರ್ನ್ ಕ್ರಾಸ್ ಸ್ಟೇಷನ್ನಲ್ಲಿ ಸಿಡ್ನಿ ಟ್ರೈನಿಗೆ ಕೂತಿದ್ವಿ. ಎರಡು ಸೂಟ್‌ಕೇಸು, ಒಂದು ಕುಕ್ಕರು, ತೊಡೆ ಮೇಲೆ ಎರಡು ವರ್ಷದ ಇವಳು. ನಾಲ್ಕು ವರ್ಷ ಇದ್ದ ಊರು, ಗುರು ಆಗಿನ್ನೂ ಅಲ್ಲಿಗೆ ಬಂದಿರಲಿಲ್ಲ. ಒಬ್ಬರಾದ್ರೂ ಬಂದು ‘ಹೋಗಿ ಬನ್ನಿ’ ಅಂದ್ರಾ?

ಚಕ್ರಪಾಣಿ: …ಇಲ್ಲ.

ಉಷಾ: ನೀವು ಟ್ರೈನಲ್ಲಿ ರಾತ್ರಿಯೆಲ್ಲ ಕಿಟಕಿ ಕಡೆ ಮುಖ ಮಾಡಿ ಕೂತಿದ್ರಿ. ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ರಿ. ಈ ಹುಡುಗ್ರು ನೋಡಕ್ಕೆ ಏಳಡಿ. ವಯಸ್ಸು ಇಪ್ಪತ್ಮೂರು, ಇಪ್ಪತ್ನಾಲ್ಕು. ಅವರಮ್ಮಂದ್ರು ಇನ್ನೆಲ್ಲೋ ಇದಾರೆ. ನೀನು ಬೇಡ ಅಂದ ದಿವಸ ನಿಮ್ಮ ಕ್ಲಬ್ಬು ಅವರಿಗೆ ಒಂದು ಕಾಗದ ಕೊಟ್ಟು, ಮಲಗೋ ಮಂಚ ಕಿತ್ಕೊಂಡು ಬರತ್ತೆ. ಯಾರಾದ್ರೂ ಒಬ್ಬರು ತಿನ್ನಕ್ಕೆ ಏನಾದ್ರೂ ಕೊಡ್ಬೇಕೋ ಬೇಡ್ವೋ?

ಚಕ್ರಪಾಣಿಗೆ ನಾಚಿಕೆಯಾಯಿತು. ಹೆಂಡತಿಯ ಮೇಲೆ ಪ್ರೀತಿಯೂ ಉಕ್ಕಿತು. ಎರಡನ್ನೂ ಒಟ್ಟಿಗೆ ಹೇಗೆ ಹೇಳಬೇಕೆಂದು ತಿಳಿಯದೆ ಅವನು ಜಾಲರಿ ಸೌಟು ತೆಗೆದುಕೊಂಡು ಬಾಣಲೆಯಲ್ಲಿದ್ದ ಐದನ್ನೂ ಎತ್ತಿ ತಟ್ಟೆಗೆ ಹಾಕಿದ. ಆದ್ಯಾ ಯಾವ ಭಾಷೆಯಲ್ಲೂ ಏನೂ ಹೇಳದೆ ಅಮ್ಮನ ಭುಜಕ್ಕೆ ತಲೆ ಆನಿಸಿದಳು.

ಚಕ್ರಪಾಣಿ: ಮುಂಚೆ ಕಳಿಸಬಾರದಾಗಿತ್ತು. ಒಂದು ದಿನ ತಡೆದು ಕಳಿಸಿದ್ರೆ ಆಗ್ತಿತ್ತು.

ಉಷಾ: ಒಂದು ದಿನ ತಡೆದ್ರೆ ಮೆತ್ತಗಾಗತ್ತೆ.

ಮತ್ತೆ ಫೋನು. ಈ ಸಲ ಚಕ್ರಪಾಣಿಯದು. ಪರದೆಯ ಮೇಲೆ ‘ಟ್ರೆವರ್’ ಎಂದು ಬಂತು. ಮೂವರೂ ಅದನ್ನು ಅಡುಗೆಮನೆಗೆ ಹಾವು ಬಂದ ಹಾಗೆ ನೋಡಿದರು.

ಉಷಾ: ನನ್ನ ಹೆಸರೇ ಹೇಳಿಬಿಡಿ. ನನಗೇನು, ನನ್ನನ್ನ ಕೆಲಸದಿಂದ ತೆಗೆಯಕ್ಕೆ ಅವರಪ್ಪನ ಕೈಲೂ ಆಗಲ್ಲ.

ಚಕ್ರಪಾಣಿ: ಡಬ್ಬ ಹೊತ್ತಿದ್ದು ನಾನು. ನಾನೇ ಹೇಳ್ತೀನಿ. ಏನಾಗತ್ತೋ ಆಗಲಿ.

ಟ್ರೆವರ್ ಮಾತಾಡಿದ್ದು ಇಂಗ್ಲಿಷಿನಲ್ಲಿ. ನಮಗೆ ಹೊತ್ತಿಲ್ಲದ ಕಾರಣ ಅವನು ಇಲ್ಲಿ ಕನ್ನಡದಲ್ಲೇ ಮಾತಾಡುತ್ತಾನೆ.

ಟ್ರೆವರ್: ಚಕ್! ಕೂತಿದೀಯಾ, ನಿಂತಿದೀಯಾ?

ಚಕ್ರಪಾಣಿ: ಕೂತಿದೀನಿ ಸರ್. ಸರ್, ಆ ಗುಟ್ಟಿನ ವಿಷಯ… ಮೊದಲು ನಾನೊಂದು ಮಾತು ಹೇಳಬೇಕು. ನನ್ನ ಹೆಂಡತಿ ಡಬ್ಬ—

ಟ್ರೆವರ್: ಡಬ್ಬ! ಅದೇ! ಕ್ಯಾಲಮ್ ಈಗ ಸಹಿ ಹಾಕಿ ಹೋದ!

ಚಕ್ರಪಾಣಿ: …ಎಲ್ಲಿಗೆ ಹಾಕಿದ ಸರ್?

ಟ್ರೆವರ್: ನಮಗೇ! ಮೂರು ವಾರ ಆಟ ಆಡಿಸಿದ ಮನುಷ್ಯ, ಇವತ್ತು ಬಾಗಿಲಲ್ಲಿ ಡಬ್ಬ ನೋಡಿದ್ದೇ ತಡ, ಚಪ್ಪಲಿ ಕಾಲಲ್ಲಿ ಆಫೀಸಿಗೆ ಓಡಿ ಬಂದ. ‘ನನ್ನನ್ನ ಕೈಬಿಡಬೇಡಿ, ಹೆಂಡತಿ ಬಸುರಿ, ಈಗ ಮನೆ ಬದಲಾಯಿಸೋದು ಆಗಲ್ಲ, ಎಲ್ಲಿ ಸಹಿ ಹಾಕಲಿ’ ಅಂದ. ನಾಲ್ಕು ವರ್ಷಕ್ಕೆ!

ಉಷಾ ಎರಡು ಕೈಯನ್ನೂ ಹಿಟ್ಟು ಸಮೇತ ಕೆನ್ನೆಗೆ ಹಚ್ಚಿಕೊಂಡಳು. ಚಕ್ರಪಾಣಿ ಸ್ಟೂಲಿನಿಂದ ಎದ್ದ. ಅರ್ಧ ನಿಮಿಷದ ಹಿಂದೆ ಕೆಲಸ ಕಳೆದುಕೊಂಡಿದ್ದವನಿಗೆ ಈಗ ಏನು ಸಿಕ್ಕಿತೆಂದು ಸರಿಯಾಗಿ ಗೊತ್ತಾಗಲಿಲ್ಲ. ಆದರೂ ಶುರು ಮಾಡಿದ್ದ ಸತ್ಯವನ್ನು ಅವನು ಪೂರ್ತಿ ಮಾಡಿದ. ಮಂಚದಿಂದ ಹಿಡಿದು ಎಲೆ ಅಡಿಕೆಯವರೆಗೆ ಎಲ್ಲ ಹೇಳಿದ.

ಟ್ರೆವರ್: ಚಕ್, ಇದನ್ನೆಲ್ಲ ನೀನು ಯಾರಿಗೂ ಹೇಳಬೇಡ. ಕ್ಯಾಲಮ್‌ಗೆ ಡಬ್ಬ ಕಳಿಸಿದ್ದು ನನ್ನ ತಂತ್ರ ಅಂತ ಮಾಲಕಿಗೆ ಆಗಲೇ ಹೇಳಿಬಿಟ್ಟಿದೀನಿ.

ಚಕ್ರಪಾಣಿ: ನಿಮ್ಮ ತಂತ್ರ?

ಟ್ರೆವರ್: ಆಟಗಾರನ ಮನಸ್ಸಿನ ಮೇಲೆ ಒತ್ತಡ. ದೊಡ್ಡ ದೊಡ್ಡ ಕ್ಲಬ್ಬುಗಳು ಮಾಡ್ತಾವೆ. ನೀನು ಬಾಯಿ ಮುಚ್ಕೊಂಡಿದ್ರೆ ನಿನ್ನ ಕುರ್ಚಿ ನಿನಗೆ.

ಉಷಾ: (ಪಿಸುಮಾತಿನಲ್ಲಿ) ಕೈ ಸುಟ್ಕೊಂಡು ಕರಿದೋಳು ನಾನು, ತಂತ್ರ ಅವನದಾ?

ಟ್ರೆವರ್: ಅಂದಹಾಗೆ ಚಕ್… ನಾನೀಗ ನನ್ನ ರೂಮಿಗೆ ಬಂದೆ. ಇಲ್ಲಿ ನನ್ನ ಟೇಬಲ್ ಮೇಲೆ ಒಂದು ಡಬ್ಬ ಇದೆ.

ಚಕ್ರಪಾಣಿ: ಎಂಥಾ ಡಬ್ಬ ಸರ್?

ಟ್ರೆವರ್: ಕೆಂಪು ಮುಚ್ಚಳದ್ದು.

ಚಕ್ರಪಾಣಿ ಹೆಂಡತಿಯ ಕಡೆ ನಿಧಾನವಾಗಿ ತಿರುಗಿದ. ಉಷಾ ಕಪಾಟಿನ ಕಡೆ ತಿರುಗಿದಳು. ಐದನೆಯ ಡಬ್ಬದ ಪತ್ತೆ ಸಿಕ್ಕಿತ್ತು.

ಉಷಾ: (ಪಿಸುಮಾತಿನಲ್ಲಿ) ವೆಲ್‌ಕಮ್ ಅಂತ ಕೊಟ್ಟಿದ್ದು ಕಣ್ರೀ! ಹೊಸದಾಗಿ ಬಂದಿದಾನೆ ಪಾಪ ಅಂತ. ಮಧ್ಯಾಹ್ನ ನಾನು ಪ್ಯಾರಮಟಾಗೆ ಹೋಗಿದ್ನಲ್ಲ, ನಿಮ್ಮ ಆಫೀಸಿನ ರಿಸೆಪ್ಷನಲ್ಲಿ ಕೊಟ್ಟು ಬಂದೆ!

ಟ್ರೆವರ್: ಚಕ್, ಇದು ಯಾಕೆ ಇಲ್ಲಿದೆ? ಚಕ್? ಯಾರು ಕಳಿಸಿದ್ದು? ನಿನ್ನ ಹೆಂಡತಿಗೆ ಏನಾದ್ರೂ ಗೊತ್ತಾ? ಏನು ಗೊತ್ತು ಅವಳಿಗೆ? ಒಂದು ನಿಮಿಷ, ಮಾಲಕಿ ಇನ್ನೊಂದು ಲೈನಲ್ಲಿದಾರೆ. ಇರು.

ಫೋನು ಕಟ್ಟಾಯಿತು.

ಚಕ್ರಪಾಣಿ: ಏನಾಗಲ್ಲ ಬಿಡು. ಮಾಲಕಿ ಅವನನ್ನ ಹೊಗಳಕ್ಕೆ ಫೋನ್ ಮಾಡಿರ್ತಾಳೆ.

ಉಷಾ: ಹೌದಲ್ವಾ? ಅವನೇ ತಂತ್ರ ಮಾಡಿದಾನಲ್ಲ, ಪಾಪ.

ಗಂಡ ಹೆಂಡತಿ ತಟ್ಟೆಯಲ್ಲಿದ್ದ ಐದು ಕೊಡುಬಳೆಯಲ್ಲಿ ಎರಡೆರಡು ತಿಂದರು. ಎಣ್ಣೆ ಕುಡಿದಿದ್ದವು. ಇಬ್ಬರೂ ಆ ಮಾತು ಎತ್ತಲಿಲ್ಲ. ನಾಲ್ಕು ಗಂಟೆಗೆ ಆದ್ಯಾಳ ಫೋನು ಟಿಣ್ ಎಂದಿತು. ಅವಳು ಓದಿದಳು, ಮತ್ತೊಂದು ಸಲ ಓದಿದಳು. ಆಮೇಲೆ ಹೆದರಿಕೆಗೋ ಏನೋ, ಅವಳ ಬಾಯಿಂದ ಅಪ್ಪಟ ಕನ್ನಡವೇ ಬಂತು.

ಆದ್ಯಾ: ಅಪ್ಪಾ… ಟ್ರೆವರ್‌ನ ತೆಗೆದುಹಾಕಿದ್ರಂತೆ.

ಚಕ್ರಪಾಣಿ: ಅಯ್ಯೋ ದೇವರೇ!

ಉಷಾ: ನಾನು ವೆಲ್‌ಕಮ್ ಅಂತ ಕೊಟ್ಟಿದ್ದು!

ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಹಾಕುವಷ್ಟರಲ್ಲಿ ಮತ್ತೆ ಚಕ್ರಪಾಣಿಯ ಫೋನು ಹೊಡೆದುಕೊಂಡಿತು. ಈ ಸಲ ಸ್ವತಃ ಮಾಲಕಿ, ಮಿಸೆಸ್ ಬ್ಯಾರೆಟ್. ಎಪ್ಪತ್ತೆರಡು ವರ್ಷದ ಹೆಂಗಸು. ಈ ಮೊದಲು ಅವಳು ಚಕ್ರಪಾಣಿಗೆ ಒಂದೇ ಒಂದು ಸಲ ಫೋನ್ ಮಾಡಿದ್ದಳು, ಅದೂ ರಾಂಗ್ ನಂಬರ್ ಎಂದು ಇಟ್ಟುಬಿಟ್ಟಿದ್ದಳು. ಅವಳೂ ಇಲ್ಲಿ ಕನ್ನಡದವಳೇ.

ಮಿಸೆಸ್ ಬ್ಯಾರೆಟ್: ಒಂದೇ ಪ್ರಶ್ನೆ. ಹೌದು, ಇಲ್ಲ ಅಷ್ಟೇ ಹೇಳು. ಕ್ಯಾಲಮ್ ಮನೆಗೆ ಡಬ್ಬ ಕಳಿಸು ಅಂತ ಟ್ರೆವರ್ ನಿನಗೆ ಹೇಳಿದ್ನಾ?

ಚಕ್ರಪಾಣಿ: ಇಲ್ಲ ಮೇಡಂ. ಅದು ಬಸುರಿ ಬಯಕೆಗೆ ಅಂತ ನನ್ನ ಹೆಂಡತಿ ಕೊಟ್ಟಿದ್ದು. ಮುಂಚೆ ಮೂರು ಡಬ್ಬ ಹೊತ್ತುಕೊಂಡು ಹೋಗಿ ಕೊಟ್ಟಿದ್ದು ನಾನು. ಆ ಮೂರು ಸಲ ಗುಟ್ಟು ಹೊರಗೆ ಹೋಗಿದ್ದು ನನ್ನಿಂದಲೇ. ತಪ್ಪು ನಂದು.

ಮಿಸೆಸ್ ಬ್ಯಾರೆಟ್: ಕರ್ಸ್ಟಿ ನನಗೆ ಎಲ್ಲ ಹೇಳಿದಳು. ಬಳೆ ಹಾಕ್ಕೊಂಡು ಅಳ್ತಾ ಇದ್ಲು, ಅವಳ ಸ್ವಂತ ಅತ್ತೇನೂ ಇಷ್ಟು ಮಾಡಿಲ್ವಂತೆ. ಇಡೀ ಕ್ಲಬ್ಬಿನಲ್ಲಿ ಇವತ್ತು ನನಗೆ ನಿಜ ಹೇಳಿದೋನು ನೀನೊಬ್ಬನೇ. ಬೇರೆಯವರು ಸಿಗೋವರೆಗೂ ಟ್ರೆವರ್ ಕುರ್ಚೀಲಿ ನೀನು ಕೂತ್ಕೋ. ಆರು ಗಂಟೆಗೆ ಆಫೀಸಿಗೆ ಬಾ, ಪತ್ರಿಕೆಯವರು ಬರ್ತಾರೆ. ಇನ್ನು ಮುಂದೆ ಯಾರನ್ನು ಕಳಿಸಿದ್ರೂ ಅವರಿಗೆ ಮೊದಲು ನೀನೇ ಎದುರು ಕೂತು ಹೇಳಬೇಕು. ಡಬ್ಬ ಆಮೇಲೆ.

ಚಕ್ರಪಾಣಿ: ಖಂಡಿತ ಮೇಡಂ.

ಮಿಸೆಸ್ ಬ್ಯಾರೆಟ್: ಇನ್ನೊಂದು. ನನ್ನ ಮನೆ ವಿಳಾಸ ನಿನ್ನ ಹೆಂಡತಿಗೆ ಗೊತ್ತಾ?

ಚಕ್ರಪಾಣಿ: ಇಲ್ಲ ಮೇಡಂ.

ಮಿಸೆಸ್ ಬ್ಯಾರೆಟ್: ಗೊತ್ತಾಗದೇ ಇರಲಿ.

ಆಮೇಲೆ ಒಂದು ಗಂಟೆ ಮನೆಯಲ್ಲಿ ಮದುವೆಯ ಗಲಾಟೆ. ಆದ್ಯಾ ಅಪ್ಪನ ಕೋಟಿಗೆ ಇಸ್ತ್ರಿ ಹಾಕಿದಳು. ಉಷಾ ತಮ್ಮನಿಗೆ ಫೋನ್ ಮಾಡಿ, ಕ್ಯಾಲಮ್ ಸಿಡ್ನಿಯಲ್ಲೇ ಉಳಿದನೆಂದೂ, ನಿಮ್ಮ ಭಾವ ಈಗ ಜನರಲ್ ಮ್ಯಾನೇಜರ್ ಎಂದೂ, ಮೆಲ್ಬರ್ನಿನಲ್ಲಿ ಕುಣಿಯುತ್ತಿರುವ ಹುಡುಗರಿಗೆಲ್ಲ ತನ್ನ ಆಶೀರ್ವಾದ ತಿಳಿಸಬೇಕೆಂದೂ ಹೇಳಿದಳು. ಗುರುದತ್ತ ‘ಅಕ್ಕಾ, ನಮ್ಮ ಕೋಚಿಗೂ ಒಂದು ಡಬ್ಬ ಕಳಿಸ್ತೀಯಾ? ಹೋದ್ರೆ ಸಾಕಾಗಿದೆ’ ಎಂದ.

ಐದೂ ಕಾಲು. ಚಕ್ರಪಾಣಿ ಷೂ ಹಾಕಿಕೊಂಡು ದೇವರಿಗೆ ಕೈಮುಗಿದು ಬಾಗಿಲಿಗೆ ಬಂದ. ಉಷಾ ಹಿಂದಿನಿಂದ ಓಡಿ ಬಂದಳು. ಕೆನ್ನೆಯ ಮೇಲೆ ಇನ್ನೂ ಹಿಟ್ಟಿತ್ತು, ಕಣ್ಣಲ್ಲಿ ನೀರಿತ್ತು.

ಉಷಾ: ನಿಲ್ಲಿ ನಿಲ್ಲಿ! ಮೊದಲ್ನೇ ದಿವಸ ಬರಿಗೈಲಿ ಹೋಗ್ಬಾರದು. ಬಿಸಿ ಬಿಸಿ ಇದೆ, ಎಲ್ಲರಿಗೂ ಕೊಡಿ. ಹೋಗಿ ಬನ್ನಿ.

ಅವಳ ಎರಡೂ ಕೈಯಲ್ಲಿ ಆರನೆಯ ಡಬ್ಬ ಇತ್ತು. ಮುಚ್ಚಳ ಕೆಂಪಾಗಿ ಹೊಳೆಯುತ್ತಿತ್ತು. ಚಕ್ರಪಾಣಿಯ ಕೈ ಅರ್ಧಕ್ಕೆ ಬಂದು ನಿಂತಿತು.

ಚಕ್ರಪಾಣಿ: ಉಷಾ.

ಉಷಾ: ಏನ್ರೀ?

ಚಕ್ರಪಾಣಿ: ನಿನ್ನ ದಮ್ಮಯ್ಯ, ಸ್ಟೀಲ್ ಡಬ್ಬೀಲಿ ಹಾಕ್ಕೊಡೇ.